ಬುಧವಾರ ಸಂಜೆಗೆ ಬೆಟ್ಟ ಎಷ್ಟು ದೂರ?

ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ, ಶುರು ಮಾಡೋಣ. ಇವತ್ತಿನ ಪ್ರಶ್ನೆ: ಮನೆ ಮಾಡುವಾಗ ನಗರದ ಸೌಲಭ್ಯಗಳ ಹತ್ತಿರ ಇರಬೇಕಾ, ಬೆಟ್ಟ, ಕಾಡಿನಂಥ ಸಾಹಸದ ಜಾಗಗಳ ಹತ್ತಿರ ಇರಬೇಕಾ?

ಮೊದಲು ನಿಮಗೊಂದು ಕೆಲಸ. ಫೋನ್ ತೆಗೆಯಿರಿ. ಕಳೆದ 12 ತಿಂಗಳ ಫೋಟೋ ನೋಡಿ, ಬೆಟ್ಟ, ಕಾಡು, ಹೊಳೆ, ಕಡಲು ಅಂತ ನೀವು ನಿಜವಾಗಿ ಹೋದ ದಿನಗಳನ್ನು ಎಣಿಸಿ. ಫೋಟೋ ಎಣಿಸಬೇಡಿ, ದಿನ ಎಣಿಸಿ. ಒಂದೇ ಬೆಟ್ಟದ ತುದಿಯಲ್ಲಿ ನಿಂತು 200 ಫೋಟೋ ತೆಗೆದಿದ್ದರೂ ಅದು ಒಂದೇ ದಿನ.

ನಾನು ಮೊದಲ ಸಲ ಎಣಿಸಿದಾಗ 9 ಬಂತು. ಹವ್ಯಾಸ ಏನು ಅಂತ ಯಾರಾದರೂ ಕೇಳಿದರೆ ಎದೆಯುಬ್ಬಿಸಿ "ಚಾರಣ" ಅನ್ನುತ್ತಿದ್ದ ಮನುಷ್ಯ ನಾನು. ವರ್ಷಕ್ಕೆ 9 ದಿನ! ಆ ವರ್ಷ ಹಲ್ಲಿನ ಡಾಕ್ಟರ ಹತ್ತಿರ ಅದಕ್ಕಿಂತ ಜಾಸ್ತಿ ಸಲ ಹೋಗಿದ್ದೆ. ಹಾಗಂತ ನನ್ನ ಹವ್ಯಾಸ ಹಲ್ಲು ಅಂತ ಯಾರೂ ಹೇಳುವುದಿಲ್ಲ.

ಆಗ ನಾನು ಒಂದು ದೊಡ್ಡ ನಗರದ ನಟ್ಟನಡುವೆ ಇದ್ದೆ. ಆಫೀಸು, ಆಸ್ಪತ್ರೆ, ಲೈಬ್ರರಿ, ಗೆಳೆಯರು, ಎಲ್ಲಾ ಹತ್ತಿರ. ರಾತ್ರಿ 11ಕ್ಕೆ ಬಲ್ಬ್ ಸುಟ್ಟುಹೋದರೆ ಕಾಲು ಗಂಟೆಯಲ್ಲಿ ಹೊಸದು ಹಾಕಬಹುದಿತ್ತು. ಆದರೂ ಮನಸ್ಸೆಲ್ಲಾ ಬೆಟ್ಟದ ಕಡೆಗೇ. ಆ 9 ನೋಡಿದ ಮೇಲೆ, ಇದಕ್ಕೆಲ್ಲಾ ಈ ನಗರವೇ ಕಾರಣ ಅಂತ ತೀರ್ಮಾನ ಮಾಡಿ, ಗಂಟುಮೂಟೆ ಕಟ್ಟಿಕೊಂಡು, ಬಾಗಿಲು ತೆಗೆದರೆ ಶಿಖರ ಕಾಣುವ ಒಂದು ಪುಟ್ಟ ಊರಿಗೆ ಹೋಗಿಬಿಟ್ಟೆ. ಅಲ್ಲಿ 3 ವರ್ಷ ಇದ್ದೆ.

ಮೊದಲ ವರ್ಷ 74 ದಿನ. ಹಿಗ್ಗಿ ಹೀರೇಕಾಯಿ ಆಗಿದ್ದೆ. ಎರಡನೇ ವರ್ಷ 50. ಮೂರನೇ ವರ್ಷ 31. ಬೆಟ್ಟ ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಹಾಗಾದರೆ ಈ ಲೆಕ್ಕ ಯಾಕೆ ಇಳಿಯಿತು? ಇವತ್ತು ಅದನ್ನೇ ಮಾತಾಡೋಣ ಅಂತ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನನಗೆ ಆದದ್ದು ಬೇರೆ. ಬೆಟ್ಟ ಹತ್ತಿರದಿಂದಲೂ ಚೆನ್ನಾಗಿಯೇ ಇತ್ತು, ಅದರ ಸುತ್ತಲಿನ ಬದುಕು ತರಚುತ್ತಿತ್ತು. ನಲ್ಲಿಯ ಒಂದು ವಾಷರ್ ಬೇಕೆಂದರೆ ಕಾರು ತೆಗೆಯಬೇಕು. ಕಣ್ಣಿನ ಪರೀಕ್ಷೆಗೆ ಅರ್ಧ ದಿನ. ಮಳೆಗಾಲ ಮುಗಿದ ಮೇಲೆ ಚಾವಣಿ ರಿಪೇರಿ, ಆಮೇಲೆ ಕೊಚ್ಚಿಹೋದ ದಾರಿಯ ರಿಪೇರಿ. ಹೊರಗೆ ಹೋಗಲೆಂದು ಅಲ್ಲಿಗೆ ಹೋದವನು ಶನಿವಾರಗಳನ್ನು ಸ್ಟೀರಿಂಗ್ ಹಿಡಿದು ಕಳೆಯುತ್ತಿದ್ದೆ. ಬೆಟ್ಟ ಕಾರಿನ ಕನ್ನಡಿಯಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು.

ಇದು ನನ್ನೊಬ್ಬನ ಪೆದ್ದುತನ ಅಲ್ಲ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಒಂದು ಅಧ್ಯಯನ ಪ್ರಕಟಿಸಿದರು. ಈ ಕಾನೆಮನ್ ಅವರಿಗೇ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು. ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಸುಮಾರು 2,000 ವಿದ್ಯಾರ್ಥಿಗಳನ್ನು ಅವರು ಕೇಳಿದರು: ನಿಮಗೆ ನಿಮ್ಮ ಬದುಕು ಎಷ್ಟು ತೃಪ್ತಿ ಕೊಟ್ಟಿದೆ? ನಿಮ್ಮಂಥವರೇ ಆ ಇನ್ನೊಂದು ಕಡೆ ಇದ್ದರೆ ಅವರಿಗೆ ಎಷ್ಟಿರಬಹುದು? ಎರಡೂ ಕಡೆಯವರು ಒಂದೇ ಮಾತು ಹೇಳಿದರು, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳು ಅಂತ. ಆದರೆ ತಮ್ಮ ತಮ್ಮ ತೃಪ್ತಿಗೆ ಅವರು ಕೊಟ್ಟ ಅಂಕಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ದೂರದಿಂದ ನೋಡುವಾಗ ನಮಗೆ ಬಿಸಿಲು ಕಾಣುತ್ತದೆ, ಕಡಲು ಕಾಣುತ್ತದೆ. ಅಲ್ಲೂ ಪರೀಕ್ಷೆ ಇದೆ, ಪಾತ್ರೆ ತೊಳೆಯುವುದಿದೆ ಅನ್ನುವುದು ಕಾಣುವುದಿಲ್ಲ.

ಆದ್ದರಿಂದ ನಾನು ಈಗ ಊರನ್ನು ಭಾನುವಾರದ ಕಣ್ಣಿಂದ ನೋಡುವುದಿಲ್ಲ. ಭಾನುವಾರ ಯಾವ ಊರಾದರೂ ಚೆಂದವೇ. ನನ್ನ ಪರೀಕ್ಷೆ ಬುಧವಾರ. ವಾರದ ನಡುವಿನ, ಹೇಳಿಕೊಳ್ಳಲು ಏನೂ ಇಲ್ಲದ, ಕೆಲಸದಿಂದ ತಲೆ ಬಿಸಿಯಾದ ಬುಧವಾರ.

ಲೆಕ್ಕ ಹೀಗೆ. ಕೆಲಸ ಮುಗಿದ ಮೇಲೆ 2 ಗಂಟೆ ಬೆಳಕು ಇದೆ ಅಂದುಕೊಳ್ಳಿ. ವಿಲಿಯಂ ನೈಸ್ಮಿತ್ ಅಂತ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸುಲಭ ಸೂತ್ರ ಹೇಳಿಟ್ಟಿದ್ದಾರೆ. ಸುಮಾರು 5 ಕಿ.ಮೀ. ನಡಿಗೆಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈಗ ಹೋಗಿಬರಲು 4 ಕಿ.ಮೀ. ಇರುವ, 300 ಮೀಟರ್ ಏರುವ ಒಂದು ಸಣ್ಣ ಗುಡ್ಡ ತೆಗೆದುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 30. ಒಟ್ಟು 78. ಅಲ್ಲಿಗೆ ನಿಮ್ಮ 2 ಗಂಟೆಯಲ್ಲಿ ಉಳಿದದ್ದು 42 ನಿಮಿಷ. ಅಂದರೆ ಹೋಗಲು 20, ಬರಲು 20. ಗುಡ್ಡ ಮನೆಯಿಂದ ಅಥವಾ ಆಫೀಸಿನಿಂದ 20 ನಿಮಿಷಕ್ಕಿಂತ ದೂರ ಇದ್ದರೆ ಬುಧವಾರ ಹೋಯಿತು ಅಂತಲೇ ಲೆಕ್ಕ. ಶೂ ಲೇಸ್ ಕಟ್ಟುವ ಹೊತ್ತನ್ನು ನಾನು ಸೇರಿಸಿಯೇ ಇಲ್ಲ.

ಒಂದೂವರೆ ಗಂಟೆ ದೂರದ್ದು ವಾರಾಂತ್ಯದ ಬೆಟ್ಟ. 3 ಗಂಟೆ ಮೀರಿತೋ, ಅದು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ನಾಲ್ಕು ಜನರನ್ನು ಒಪ್ಪಿಸಿ, ಕೊನೆಗೆ ಒಬ್ಬನಿಗೆ ಜ್ವರ ಬಂದು ಮುಂದಕ್ಕೆ ಹೋಗುವ ಬೆಟ್ಟ. ನನ್ನ ಆ 9 ದಿನ ಇದೇ ಜಾತಿಯವು.

ಇಟಲಿಯ ಭೌತವಿಜ್ಞಾನಿ ಚೆಜಾರೆ ಮಾರ್ಕೆಟ್ಟಿ 1994ರಲ್ಲಿ ಇನ್ನೊಂದು ಮಾತು ಹೇಳಿದರು. ಕಾಲ್ನಡಿಗೆಯ ಕಾಲವಿರಲಿ, ಕಾರಿನ ಕಾಲವಿರಲಿ, ಮನುಷ್ಯ ಓಡಾಟಕ್ಕೆ ಕೊಡುವುದು ಸರಾಸರಿ ದಿನಕ್ಕೆ 1 ಗಂಟೆ. ಗೋಡೆ ಕಟ್ಟಿಕೊಂಡಿದ್ದ ಹಳೆಯ ನಗರಗಳು ಸುಮಾರು 5 ಕಿ.ಮೀ. ಅಗಲದೊಳಗೇ ಇದ್ದದ್ದಕ್ಕೆ ಇದೇ ಕಾರಣ ಅಂತ ಅವರ ವಾದ. ಅಂಚಿನಿಂದ ನಡುವಿಗೆ ನಡೆದು ಹೋಗಿ ಬಂದರೆ 1 ಗಂಟೆ ಆಯಿತಲ್ಲ. ವಾಹನ ವೇಗವಾದಾಗ ಜನ ಸಮಯ ಉಳಿಸಲಿಲ್ಲ, ಇನ್ನೂ ದೂರ ಹೋಗಿ ಮನೆ ಮಾಡಿದರು. ನನಗೆ ಇದರಲ್ಲಿ ಕಾಣುವುದು ಇಷ್ಟು: ಆ ಒಂದು ಗಂಟೆಯನ್ನು ಆಫೀಸಿನ ದಾರಿಯೇ ನುಂಗಿದ್ದರೆ, ಬೆಟ್ಟದ ದಾರಿಗೆ ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಬೆಟ್ಟದ ಆಸೆಗೆ ನಗರದಿಂದ ದೂರ ಮನೆ ಮಾಡಿ ದಿನಾ ನಗರಕ್ಕೇ ಕೆಲಸಕ್ಕೆ ಓಡುವವರನ್ನು ನೋಡಿದ್ದೇನೆ. ಅವರು ಬೆಟ್ಟ ನೋಡುವುದು ಬೆಳಗಿನ ಕತ್ತಲಲ್ಲಿ ಮತ್ತು ರಾತ್ರಿಯ ಕತ್ತಲಲ್ಲಿ.

ಈಗ ಒಂದು ತೊಡಕು. "ಸಾಹಸ" ಅಂತ ನಾವು ಸುಮ್ನೆ ಒಂದೇ ಪದ ಬಳಸುತ್ತೇವೆ. ಆದರೆ ನಿಮ್ಮ ಸಾಹಸ ಯಾವುದು ಅನ್ನುವುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. ಪ್ಯಾರಾಗ್ಲೈಡಿಂಗ್, ಸರ್ಫಿಂಗ್ ಮಾಡುವವರು ಗಾಳಿ, ಅಲೆಯ ಗುಲಾಮರು. ಅದು ಮಂಗಳವಾರ ಮಧ್ಯಾಹ್ನ 3ಕ್ಕೆ ಸರಿಯಾಗಿ ಬಂದು 5ಕ್ಕೆ ಹೋಗಬಹುದು. ಶನಿವಾರಕ್ಕೆ ಕಾಯುವುದಿಲ್ಲ. ಅಂಥವರು ಹತ್ತಿರವೇ ಇರಬೇಕು, ಬೇರೆ ದಾರಿಯೇ ಇಲ್ಲ. ಆದರೆ ನಿಮ್ಮ ಆಸೆ ಎತ್ತರದ ಪರ್ವತಗಳಲ್ಲಿ 15 ದಿನದ ಚಾರಣ ಅಂತಾದರೆ? ಅದಕ್ಕೆ ಬೇಕಾದದ್ದು ಉದ್ದದ ರಜೆ, ಕೈಯಲ್ಲಿ ದುಡ್ಡು, ಹತ್ತಿರದಲ್ಲಿ ಒಂದು ದೊಡ್ಡ ಸ್ಟೇಷನ್ ಅಥವಾ ವಿಮಾನ ನಿಲ್ದಾಣ. ಇವೆಲ್ಲಾ ಇರುವುದು ನಗರದಲ್ಲಿ! ಅಂಥವರು ಯಾವುದೋ ಗುಡ್ಡದ ಬುಡದಲ್ಲಿ ಮನೆ ಮಾಡಿದರೆ, ತಮಗೆ ಬೇಡದ ಗುಡ್ಡಕ್ಕೆ ಬಾಡಿಗೆ ಕಟ್ಟಿದ ಹಾಗೆ.

ಬಂಡೆ ಹತ್ತುವವರ ಕಥೆ ಇನ್ನೂ ವಿಚಿತ್ರ. ಹಗ್ಗ ಕಟ್ಟಿಕೊಂಡು ಹತ್ತಬೇಕಾದರೆ ಕೆಳಗೆ ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು, ಅದೂ ಪ್ರಾಣ ಕೊಟ್ಟು ನಂಬಬಹುದಾದವರು. ನನ್ನ ಪುಟ್ಟ ಊರಿನಲ್ಲಿ ಬಂಡೆ ಬೇಕಾದಷ್ಟಿತ್ತು. ಹಗ್ಗ ಹಿಡಿಯುತ್ತಿದ್ದವರು ಇಬ್ಬರೇ. ಒಬ್ಬರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಇನ್ನೊಬ್ಬರಿಗೆ ಮಗುವಾಯಿತು. ಮೂರನೇ ವರ್ಷದ 31ಕ್ಕೆ ದೊಡ್ಡ ಕಾರಣ ಇದೇ. ಬಂಡೆ ನೋಡುತ್ತಾ ಕೂರುತ್ತಿದ್ದೆ. ಅದೇ ನಗರದಲ್ಲಿ ಬಂಡೆ ಇರಲಿಲ್ಲ, ಆದರೆ ಹತ್ತಿ ಅಭ್ಯಾಸ ಮಾಡಲು ಒಳಾಂಗಣ ಗೋಡೆಗಳಿದ್ದವು, ಕ್ಲಬ್ ಇತ್ತು, ಒಂದು ಮೆಸೇಜ್ ಹಾಕಿದರೆ ಐದು ಜನ "ಬರ್ತೀನಿ" ಅನ್ನುತ್ತಿದ್ದರು. ಜೊತೆಗಾರರು ನಗರದ ಸೌಲಭ್ಯದ ಪಟ್ಟಿಯಲ್ಲಿ ಬರುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಕೆಲವು ಊರುಗಳು ಎರಡನ್ನೂ ಕೊಡುತ್ತವೆ, ನಿಜ. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ನಡುವಿನಿಂದಲೇ ಹಳಿಯ ಮೇಲಿನ ಬಂಡಿ ಹತ್ತಿ, ಆಮೇಲೆ ಕೇಬಲ್ ಕಾರು ಬದಲಾಯಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ 2,200 ಮೀಟರ್ ದಾಟಿರುತ್ತೀರಿ. ನಗರ ಇರುವುದು 574 ಮೀಟರಿನಲ್ಲಿ. ಮೇಲೆ ಸುಮಾರು 10 ಡಿಗ್ರಿ ಚಳಿ ಜಾಸ್ತಿ, ಜಾಕೆಟ್ ಮರೆಯಬೇಡಿ. ನಾರ್ವೆಯ ಓಸ್ಲೋದಲ್ಲಿ ಜನ ಹಿಮಜಾರು ಹಲಗೆ ಹಿಡಿದುಕೊಂಡು ಮೆಟ್ರೋ ಹತ್ತುತ್ತಾರೆ, ಒಂದು ಲೈನಿನ ಕೊನೆಯ ನಿಲ್ದಾಣ ಇರುವುದೇ ಕಾಡಿನ ಅಂಚಿನಲ್ಲಿ. ನಗರದ ಸುತ್ತಲಿನ ಆ ಕಾಡಿನಲ್ಲಿ ಮನೆ ಕಟ್ಟಬಾರದು ಅಂತ 2009ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿದ್ದಾರೆ. ಅಲ್ಲಿ ಕಾಡು ಉಳಿದದ್ದು ತಾನಾಗೇ ಅಲ್ಲ.

ಆದರೆ ಇಂಥ ಊರು ಎಲ್ಲರಿಗೂ ಬೇಕು. ಅಲ್ಲೇ ಪೇಚು. ಅಮೆರಿಕದ ಕೊಲೊರಾಡೊದ ಬೌಲ್ಡರ್ ಊರಿನ ಜನ 1967ರಲ್ಲಿ ತಾವೇ ಮತ ಹಾಕಿ ಒಂದು ತೆರಿಗೆ ಒಪ್ಪಿಕೊಂಡರು, ಊರಿನ ಸುತ್ತಲಿನ ಜಾಗ ಕೊಂಡು ಖಾಲಿ ಇಡಲು. ಬೆಟ್ಟ ಉಳಿಯಿತು. ಮನೆಗಳು ಮಾತ್ರ ಕೈಗೆಟುಕದಷ್ಟು ದುಬಾರಿಯಾದವು, ಅಲ್ಲಿ ಕೆಲಸ ಮಾಡುವ ಬಹಳ ಮಂದಿ ಈಗ ಪಕ್ಕದ ಊರುಗಳಿಂದ ದಿನಾ ಬಂದು ಹೋಗುತ್ತಾರೆ. ಕೆನಡಾದ ಬ್ಯಾನ್ಫ್ ಇನ್ನೂ ಕಟ್ಟುನಿಟ್ಟು. ಊರು ನ್ಯಾಷನಲ್ ಪಾರ್ಕಿನ ಒಳಗೇ ಇದೆ. ಅಲ್ಲಿ ಕೆಲಸವೋ ವ್ಯವಹಾರವೋ ಇಲ್ಲದೆ, ಬರೀ ಬೆಟ್ಟ ಚೆನ್ನಾಗಿದೆ ಅಂತ ಹೋಗಿ ನೆಲೆಸುವ ಹಾಗಿಲ್ಲ. ನನಗೇನೋ ಈ ನಿಯಮ ಸರಿ ಅನ್ನಿಸುತ್ತದೆ, ನೀವು ಜಗಳ ಮಾಡಬಹುದು.

ಪುಟ್ಟ ಊರಿನಲ್ಲಿ ಕೂತು ಕೆಲಸ ಮಾಡಲು ಬೇಕಾದ ಇಂಟರ್ನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲೆಲ್ಲಾ ಉಪಗ್ರಹದ ಇಂಟರ್ನೆಟ್ ಅಂದರೆ 35,786 ಕಿ.ಮೀ. ಮೇಲೆ ಹೋಗಿ ಬರಬೇಕಿತ್ತು, ಕೇಳಿದ್ದಕ್ಕೆ ಉತ್ತರ ಬರಲು ಹತ್ತಿರ ಹತ್ತಿರ ಅರ್ಧ ಸೆಕೆಂಡು. ವಿಡಿಯೋ ಮೀಟಿಂಗಿನಲ್ಲಿ ಎಲ್ಲರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದು. ಈಗ 550 ಕಿ.ಮೀ. ಎತ್ತರದ ಉಪಗ್ರಹಗಳು ಬಂದ ಮೇಲೆ ಆ ತಲೆನೋವು ಬಹುಪಾಲು ಹೋಯಿತು. ಕರೆಂಟ್ ಹೋದರೆ ಮಾತ್ರ ಯಾವ ಉಪಗ್ರಹವೂ ಏನೂ ಮಾಡಲಾರದು.

ಆಸ್ಪತ್ರೆಯ ಮಾತು ಹಾಗಲ್ಲ, ಅದನ್ನು ಹೇಳಲೇಬೇಕು. ಒಮ್ಮೆ ಇಳಿಜಾರಿನಲ್ಲಿ ಕಾಲು ಹೊರಳಿತು. ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಇತ್ತು, ಅದನ್ನು ನಡೆಸುವವರು ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಆ ದಿನ ಅವರ ದಿನವಲ್ಲ. ಬರೀ ಉಳುಕು, ಬಚಾವಾದೆ. ಆದರೆ ಊದಿಕೊಂಡ ಕಾಲು ಎತ್ತಿಟ್ಟುಕೊಂಡು ಎರಡು ಗಂಟೆ ಕಾರಿನಲ್ಲಿ ಕೂತಾಗ, ಇದೇ ಜಾಗದಲ್ಲಿ ಅಮ್ಮ ಎದೆ ಹಿಡಿದುಕೊಂಡು ಕೂತಿದ್ದರೆ ಅನ್ನುವ ಯೋಚನೆ ಬಂತು. ಆಮೇಲೆ ಅದು ಹೋಗಲೇ ಇಲ್ಲ. 30ರ ವಯಸ್ಸಿನಲ್ಲಿ ಊರು ಆರಿಸುವಾಗ ನಾವು ನಮ್ಮ ಮೊಣಕಾಲನ್ನು ಮಾತ್ರ ನೆನೆಯುತ್ತೇವೆ.

ಹಾಗಾದರೆ ನಗರದಲ್ಲೇ ಇರುವವರು ಬೇಜಾರು ಮಾಡಿಕೊಳ್ಳಬೇಕಾ? ಇಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷವಾದರೂ ಹಸಿರಿನಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವ ಸಾಧ್ಯತೆ ಹೆಚ್ಚಿತ್ತು. ಒಂದೇ ಸಲ ಕಳೆದರೋ, ತುಂಡು ತುಂಡಾಗಿ ಕಳೆದರೋ, ಅದರಿಂದ ವ್ಯತ್ಯಾಸ ಆಗಲಿಲ್ಲ. ಊರೊಳಗಿನ ಪಾರ್ಕು ಕೂಡ ಲೆಕ್ಕಕ್ಕೆ ಬಂತು. ಆರೋಗ್ಯವಾಗಿದ್ದವರೇ ಹೆಚ್ಚು ಹೊರಗೆ ಹೋಗಿರಬಹುದು, ಹಾಗಾಗಿ ಇದನ್ನು ಔಷಧಿ ಚೀಟಿ ಅಂದುಕೊಳ್ಳಬೇಡಿ. ಆದರೆ 120 ನಿಮಿಷಕ್ಕೆ ಶಿಖರ ಬೇಕಿಲ್ಲ, ಒಳ್ಳೆಯ ಮರಗಳಿರುವ ಪಾರ್ಕಿನ ಪಕ್ಕದ ಮನೆ ಸಾಕು. ಮನೆ ಹುಡುಕುವಾಗ ಎಲ್ಲರೂ ಪಾರ್ಕಿಂಗ್ ಕೇಳುತ್ತಾರೆ, ಪಾರ್ಕು ಎಷ್ಟು ಹೆಜ್ಜೆ ಅಂತ ಕೇಳುವವರು ಕಡಿಮೆ.

ಇನ್ನೂ ಹೋಗಲೇಬೇಕು ಅನ್ನುವವರಿಗೆ ಒಂದೇ ಮಾತು. ಮನೆ ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಿ, ಅದೂ ಆ ಊರಿನ ಅತಿ ಕೆಟ್ಟ ತಿಂಗಳಲ್ಲಿ. ಎಲ್ಲರೂ ಹೂ ಬಿಡುವ ಕಾಲಕ್ಕೆ ಹೋಗಿ ಮರುಳಾಗುತ್ತಾರೆ, ನಾನೂ ಹಾಗೇ ಆದೆ. ಕೆಸರು, ಮಂಜು, ಮುಚ್ಚಿದ ರಸ್ತೆ, ಅರ್ಧ ಅಂಗಡಿ ಬಾಗಿಲು ಹಾಕಿದ ತಿಂಗಳಿಗೆ ಹೋಗಿ. ಕೆಲಸ ಮಾಡಿಕೊಂಡೇ ಇರಿ, ರಜೆ ಹಾಕಬೇಡಿ. ಜೊತೆಗೆ ಮನೆಯವರನ್ನೂ ಕರೆದುಕೊಂಡು ಹೋಗಿ. ನಿಮಗೆ ಬೆಟ್ಟ ಇರುತ್ತದೆ, ಅವರಿಗೆ ಅಲ್ಲಿ ಏನಿದೆ ಅಂತ ಅವರ ಬಾಯಿಂದಲೇ ಕೇಳಿ. ನನ್ನ ಹೆಂಡತಿ ಆ ಮೂರು ವರ್ಷದಲ್ಲಿ ಒಂದು ಸಲವೂ ದೂರಲಿಲ್ಲ. ನಾನು ಅದನ್ನು ಒಪ್ಪಿಗೆ ಅಂದುಕೊಂಡಿದ್ದೆ. ವಾಪಸ್ ಹೋಗೋಣ ಅಂದ ದಿನ ಅವಳು ಅರ್ಧ ಗಂಟೆಯಲ್ಲಿ ಪುಸ್ತಕಗಳನ್ನೆಲ್ಲಾ ಡಬ್ಬಕ್ಕೆ ತುಂಬಿದ್ದಳು.

ಈಗ ನಾವಿರುವುದು ಒಂದು ಮಧ್ಯಮ ಗಾತ್ರದ ಊರಿನ ಅಂಚಿನಲ್ಲಿ. ಕಿಟಕಿಯಿಂದ ಶಿಖರ ಕಾಣುವುದಿಲ್ಲ, ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ. ಹತ್ತಿರ ಇರುವುದು ಯಾರಿಗೂ ಹೆಸರು ಗೊತ್ತಿಲ್ಲದ ಒಂದು ಗುಡ್ಡ, 300 ಮೀಟರ್ ಏರು, ಮನೆಯಿಂದ 18 ನಿಮಿಷ. ಕಳೆದ ವರ್ಷ 83 ದಿನ ಹೋಗಿದ್ದೆ. ಹೆಂಡತಿ 40 ದಿನ ಬಂದಳು, ಉಳಿದ ದಿನ ಅವಳಿಗೆ ಲೈಬ್ರರಿ ಇತ್ತು.

ಇವತ್ತೂ ಬುಧವಾರವೇ. ಕತ್ತಲಾಗಲು ಇನ್ನು ಎರಡೂವರೆ ಗಂಟೆ ಇದೆ, ಶೂ ಕಾರಿನಲ್ಲಿದೆ. ಅರ್ಧ ಗಂಟೆ ಪ್ರಶ್ನೆಗೆ ಇಟ್ಟುಕೊಂಡಿದ್ದೇನೆ. ಯಾರು ಮೊದಲು?