ಪಾಯ ತೆಗೆಯುವ ಕೈ

(ಎಂಜಿನಿಯರುಗಳ ದಿನದಂದು ಮಂಡ್ಯದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 15 ಬಂದರೆ ಮಂಡ್ಯದವರು ಯಾರನ್ನು ನೆನೆಯುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಇಲ್ಲಿ ಕೂತಿರುವ ಅರ್ಧಕ್ಕಿಂತ ಜಾಸ್ತಿ ಜನ ನಾಲೆ ನೀರಿನ ಅನ್ನ ಉಂಡು ಬೆಳೆದವರು. ನಮ್ಮ ಮನೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೊ ದೇವರ ಫೋಟೊಗಳ ಸಾಲಿನಲ್ಲೇ ಇದೆ. ಅವರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ವೇದಿಕೆ ಮೇಲಿದ್ದಾರೆ. ನಾನು ಮನೆ ಕಟ್ಟಿಸುವ ಕಂಟ್ರಾಕ್ಟರ್. ಇವತ್ತು ಬಂದಿರುವುದು ಈ ಸಭಾಂಗಣದ ಹಿಂದಿನ ಎರಡು ಸಾಲಿನಲ್ಲಿ ಕೂತಿರುವವರ ಬಗ್ಗೆ ಮಾತಾಡಲು. ಜೆಸಿಬಿ ಆಪರೇಟರುಗಳು, ಹಿಟಾಚಿ ಆಪರೇಟರುಗಳು, ಟಿಪ್ಪರ್ ಡ್ರೈವರುಗಳು. ಮುಂದೆ ಇಷ್ಟು ಕುರ್ಚಿ ಖಾಲಿ ಇದ್ದರೂ ಹಿಂದೆ ಹೋಗಿ ಕೂತಿದ್ದಾರೆ. ಅಣ್ಣಂದಿರಾ, ಮುಂದೆ ಬನ್ನಿ. ಬರಲ್ಲ ಅಲ್ವಾ? ಸರಿ, ನಾನೇ ಸ್ವಲ್ಪ ಜೋರಾಗಿ ಮಾತಾಡುತ್ತೇನೆ.

ಮೊದಲು ಒಂದು ಪ್ರಶ್ನೆ. ಇಲ್ಲಿ ಸ್ವಂತ ಮನೆ ಕಟ್ಟಿಸಿದವರು ಸುಮಾರು ಜನ ಇದ್ದೀರಿ. ನಿಮ್ಮ ಮನೆಯ ಪಾಯ ತೆಗೆದ ಆಪರೇಟರ್ ಹೆಸರು ಗೊತ್ತಿರುವವರು ಕೈ ಎತ್ತಿ.

ಒಂದು. ಎರಡು. ಅಲ್ಲಿ ಇನ್ನೊಂದು. ಮೂರು ಕೈ.

ಮೇಸ್ತ್ರಿ ಹೆಸರು ಎಲ್ಲರಿಗೂ ಗೊತ್ತು. ಬಡಗಿ ಹೆಸರು ಗೊತ್ತು. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ ಶಲ್ಯ ಕೊಡುತ್ತೇವೆ, ಬಡಗಿಗೆ ಕೊಡುತ್ತೇವೆ, ಪ್ಲಂಬರಿಗೂ ಎಲೆ ಅಡಿಕೆ ಸಲ್ಲುತ್ತದೆ. ಎಲ್ಲರಿಗಿಂತ ಮೊದಲು ನಿಮ್ಮ ನೆಲಕ್ಕೆ ಕೈ ಹಾಕಿದವರನ್ನು ಕರೆಯುವುದೇ ಇಲ್ಲ. ಕರೆಯೋಣ ಅಂದರೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಇರುವುದು ಗಾಡಿ ಓನರದ್ದು. ಇದು ನನಗೆ ಬಹಳ ವರ್ಷದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಜೆಸಿಬಿ ಅನ್ನುವುದೇ ಒಬ್ಬ ಮನುಷ್ಯನ ಹೆಸರು, ಗೊತ್ತಲ್ಲ? ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. 1945ರಲ್ಲಿ, ಯುದ್ಧ ಮುಗಿದ ವರ್ಷ, ಇಂಗ್ಲೆಂಡಿನಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಟ್ರೈಲರ್ ಮಾಡುವುದರಿಂದ ಶುರು ಮಾಡಿದವರು. ಆ ಕಂಪನಿ ನಮ್ಮ ದೇಶಕ್ಕೆ ಬಂದದ್ದು 1979ರಲ್ಲಿ. ಈಗ ಯಾವ ಕಂಪನಿಯ ಗಾಡಿ ಬಂದರೂ ನಮಗೆ ಅದು ಜೆಸಿಬಿಯೇ. ಹಾಗೇ ಚೈನಿನ ಮೇಲೆ ಓಡಾಡುವ ದೊಡ್ಡ ಗಾಡಿಯೆಲ್ಲ ಹಿಟಾಚಿ. ಅದು ಜಪಾನಿನ ಹೆಸರು, ಅದರ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ. ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ ಗಣಿಗೆ ಹೋಗುವ ಡಂಪರ್ ತಯಾರಾಗುತ್ತದೆ. ಅದರ ಒಂದು ಚಕ್ರದ ಪಕ್ಕ ನಿಂತರೆ ಆಳು ಕುಳ್ಳನಾಗಿ ಕಾಣುತ್ತಾನೆ. ಯಂತ್ರ ಮಾಡಿದವನ ಹೆಸರು ಇಂಗ್ಲೆಂಡಿನಿಂದ ಬಂದು ನಮ್ಮ ಹಳ್ಳಿ ಹಳ್ಳಿಯ ಬಾಯಲ್ಲಿ ಕೂತಿದೆ. ಅದೇ ಯಂತ್ರ ನಡೆಸುವ ನಾಗಮಂಗಲದ ಹುಡುಗನ ಹೆಸರು ನಮಗೆ ಬೇಡವಾಗಿದೆ.

2019ರಲ್ಲಿ ನೆನಪಿದೆಯಾ, ಜೆಸಿಬಿ ಅಗೆಯುವುದನ್ನು ಜನ ಗುಂಪು ಕಟ್ಟಿ ನೋಡುವ ವಿಡಿಯೊಗಳು ಎಲ್ಲರ ಫೋನಿನಲ್ಲೂ ಓಡಾಡಿದವು. ನಮ್ಮ ಮಂಡ್ಯದಲ್ಲಂತೂ ಚುನಾವಣೆ ಬಂದರೆ ಕ್ರೇನಿನಲ್ಲಿ ಸೇಬಿನ ಹಾರ ಎತ್ತುತ್ತೇವೆ, ಜೆಸಿಬಿ ಬಕೆಟ್ಟಿನಲ್ಲಿ ನಿಂತು ಹೂವು ಸುರಿಯುತ್ತೇವೆ. ಎಲ್ಲರ ಕಣ್ಣೂ ಬಕೆಟ್ ಮೇಲೆ. ಕ್ಯಾಬಿನ್ನಿನಲ್ಲಿ ಕೂತವರ ಮುಖ ಯಾರಾದರೂ ನೋಡಿದ್ದೀರಾ?

ಈಗ ಒಂದು ಘಟನೆ ಹೇಳುತ್ತೇನೆ. ಇಲ್ಲಿರುವ ಕೆಲವರು ನನ್ನ ಬಾಯಿಂದಲೇ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ, ತಪ್ಪಿಲ್ಲ.

ಮಂಡ್ಯದ ಅಂಚಿನಲ್ಲಿ ಒಂದು ಹೊಸ ಬಡಾವಣೆ. ಮೊದಲು ಗದ್ದೆ, ತೆಂಗಿನ ತೋಟ ಇದ್ದ ಜಾಗ. ಒಬ್ಬ ನಿವೃತ್ತ ಮೇಷ್ಟ್ರು ಅಲ್ಲಿ ಮೂವತ್ತು ನಲವತ್ತರ ಸೈಟು ತಗೊಂಡಿದ್ದರು. ಜೀವಮಾನದ ದುಡ್ಡು. ಬೆಳಿಗ್ಗೆ ಗುದ್ದಲಿ ಪೂಜೆ ಆಯಿತು, ಎಲ್ಲರಿಗೂ ಉಪ್ಪಿಟ್ಟು ಕೇಸರಿಬಾತು ಆಯಿತು. ಆಮೇಲೆ ಜೆಸಿಬಿ ಬಂತು. ಆಪರೇಟರ್ ಹುಡುಗನಿಗೆ ಇಪ್ಪತ್ತೈದು ತುಂಬಿರಲಿಲ್ಲ. ಸುಣ್ಣದಲ್ಲಿ ಗುರುತು ಹಾಕಿ ಕೊಟ್ಟೆ. ಒಂಬತ್ತು ಪಿಲ್ಲರ್ ಗುಂಡಿ. ಆರು ಗುಂಡಿ ಸಲೀಸಾಗಿ ಮುಗಿಯಿತು. ಐದಡಿಗೆ ಒಳ್ಳೆ ಗಟ್ಟಿ ಮಣ್ಣು ಸಿಕ್ಕಿತು.

ಏಳನೆಯ ಗುಂಡಿಯಲ್ಲಿ ನಾಲ್ಕು ಬಕೆಟ್ ಎತ್ತಿದ ಹುಡುಗ ನಿಲ್ಲಿಸಿಬಿಟ್ಟ. ಕೆಳಗಿಳಿದು ಬಂದು ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿದ. ಮೂಸಿ ನೋಡಿದ. "ಸಾರ್, ಇಲ್ಲಿ ಮಣ್ಣು ಸರಿ ಇಲ್ಲ" ಅಂದ.

ನಾನು ಬಗ್ಗಿ ನೋಡಿದೆ. ಬೇರೆ ಗುಂಡಿಯಲ್ಲಿ ಇದ್ದ ಹಾಗೇ ಕೆಂಪು ಮಣ್ಣು. "ಏನಾಗಿದೆಯಪ್ಪ, ಚೆನ್ನಾಗೇ ಇದೆಯಲ್ಲ" ಅಂದೆ.

"ಇಲ್ಲ ಸಾರ್. ಆ ಗುಂಡಿಗಳಲ್ಲಿ ಬಕೆಟ್ ಹಲ್ಲು ಕಚ್ಚುವಾಗ ಇಂಜಿನ್ ತಿಣುಕುತ್ತಿತ್ತು. ಗಾಡಿ ಹಿಂದಿನ ಕಾಲು ಅಲುಗುತ್ತಿತ್ತು. ಇಲ್ಲಿ ಬೆಣ್ಣೆಗೆ ಕೈ ಹಾಕಿದ ಹಾಗೆ ಹೋಗುತ್ತಿದೆ. ಇದು ಹುಟ್ಟಿದ ಮಣ್ಣಲ್ಲ ಸಾರ್, ತುಂಬಿದ ಮಣ್ಣು."

ಮೇಷ್ಟ್ರಿಗೆ ಸಿಟ್ಟು ಬಂತು. "ಗಂಟೆ ಲೆಕ್ಕ ಜಾಸ್ತಿ ಮಾಡೋಕೆ ಇದೆಲ್ಲ ಆಟ. ನನಗೆ ಗೊತ್ತಿಲ್ವಾ?" ಅಂದರು. ಮೇಷ್ಟ್ರು ಕೆಟ್ಟವರಲ್ಲ. ಗಂಟೆಗೆ ಸಾವಿರದ ಮೇಲೆ ಕೊಡುವಾಗ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಆ ಹುಡುಗ ಏನು ಮಾಡಿದ ಗೊತ್ತಾ? ಮಾತಾಡಲಿಲ್ಲ. ಗಾಡಿ ಹತ್ತಿ ಇಂಜಿನ್ ಆಫ್ ಮಾಡಿದ. ಇಂಜಿನ್ ನಿಂತರೆ ಮೀಟರ್ ನಿಲ್ಲುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡು ತೆಂಗಿನ ಮರದ ಕೆಳಗೆ ಹೋಗಿ ಕೂತ. "ನೀವು ಮಾತಾಡಿ ತೀರ್ಮಾನ ಮಾಡಿ ಸಾರ್. ನನಗೆ ದುಡ್ಡು ಬೇಡ, ನಾನು ಕಾಯ್ತೀನಿ" ಅಂದ.

ಅಷ್ಟರಲ್ಲಿ ಪಕ್ಕದ ಹಳೆ ಮನೆಯ ಅಜ್ಜಿ ಎಮ್ಮೆಗೆ ಹುಲ್ಲು ಹೊತ್ತುಕೊಂಡು ಬಂದರು. ಗುಂಡಿ ನೋಡಿ ನಿಂತರು. "ಅಯ್ಯೋ, ಇಲ್ಲಿ ಮನೆ ಕಟ್ತೀರಾ? ಇದು ಬಾವಿ ಕಣ್ ಮಗ. ನಾನ್ ಮದ್ವೆಯಾಗಿ ಬಂದಾಗ ಇಲ್ಲೇ ನೀರ್ ಸೇದ್ತಿದ್ದೆ. ಮುಚ್ಚಿ ಬೋ ವರ್ಷ ಆಯ್ತು" ಅಂದರು.

ಆಮೇಲೆ ಅಗೆಸಿದೆವು. ಹರಿದ ಗೊಬ್ಬರದ ಚೀಲ ಬಂತು, ತೆಂಗಿನ ಚಿಪ್ಪು ಬಂತು, ಒಡೆದ ಹೆಂಚು ಬಂತು, ಒಂದು ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಬಂತು. ಜೆಸಿಬಿ ಕೈ ಹದಿನೈದು ಅಡಿಯ ಆಸುಪಾಸಿಗೆ ಮುಗಿಯುತ್ತದೆ. ಕೈ ಮುಗಿಯಿತು, ಗಟ್ಟಿ ನೆಲ ಸಿಗಲಿಲ್ಲ. ಬಾವಿಯ ಕಲ್ಲು ಕಟ್ಟಡ ಮಾತ್ರ ಒಂದು ಪಕ್ಕದಲ್ಲಿ ಕಾಣಿಸಿತು. ಎಂಜಿನಿಯರ್ ಬಂದು ಡ್ರಾಯಿಂಗ್ ಬದಲಾಯಿಸಿದರು. ಬಾವಿಯ ಆಚೆ ಒಂದು, ಈಚೆ ಒಂದು ಪಿಲ್ಲರ್ ಹಾಕಿ ಮೇಲೆ ದಪ್ಪ ಬೀಮ್ ಹಾಯಿಸಿದೆವು. ಹನ್ನೆರಡು ದಿನ ತಡ ಆಯಿತು, ಖರ್ಚೂ ಆಯಿತು. ಆದರೆ ಆ ಮನೆ ಇವತ್ತಿಗೂ ಕೂದಲೆಳೆ ಬಿರುಕು ಇಲ್ಲದೆ ನಿಂತಿದೆ. ಆ ಹುಡುಗ ಬಾಯಿ ಮುಚ್ಚಿಕೊಂಡು ಐದಡಿ ತೆಗೆದು ಹೋಗಿದ್ದರೆ ನಾನು ಅದರ ಮೇಲೆ ಬೆಡ್ ಕಾಂಕ್ರೀಟ್ ಹಾಕಿಬಿಡುತ್ತಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಆ ಮೂಲೆ ಕುಸಿಯುತ್ತಿತ್ತು. ನನ್ನ ಕಣ್ಣಿಗೆ ಕಾಣದ್ದು ಅವನ ಕೈಗೆ ಗೊತ್ತಾಯಿತು.

ಗೃಹಪ್ರವೇಶಕ್ಕೆ ಮೇಷ್ಟ್ರು ತಾವೇ ನಾಗಮಂಗಲಕ್ಕೆ ಹೋಗಿ ಅವನನ್ನು ಕರೆದುಕೊಂಡು ಬಂದರು. ಮೇಸ್ತ್ರಿ ಪಕ್ಕ ಕೂರಿಸಿ ಪಂಚೆ ಶಲ್ಯ ಕೊಟ್ಟರು. ನಾನು ಕಟ್ಟಿಸಿದ ಮನೆಗಳಲ್ಲಿ ಅದೇ ಮೊದಲು.

ಈಗ ಆ "ಗಂಟೆ ಲೆಕ್ಕ"ಕ್ಕೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಆಗುವ ತಪ್ಪುಗಳಲ್ಲಿ ಬಹಳಷ್ಟಕ್ಕೆ ಈ ಗಂಟೆ ಲೆಕ್ಕವೇ ತಾಯಿ. ಗಾಡಿ ಬಂದ ತಕ್ಷಣ ಮನೆಯವರು ಗಡಿಯಾರ ನೋಡುತ್ತಾರೆ. ಬೇಗ ಬೇಗ ಅನ್ನುತ್ತಾರೆ. ಗಾಡಿ ಓನರ್ ಫೋನ್ ಮಾಡಿ ಇನ್ನೊಂದು ಸೈಟಿಗೆ ಹೋಗು ಅನ್ನುತ್ತಾನೆ. ಆಪರೇಟರ್ ನಡುವೆ ಸಿಕ್ಕಿಕೊಳ್ಳುತ್ತಾರೆ. ಅವಸರಕ್ಕೆ ಗುಂಡಿ ಅರ್ಧ ಅಡಿ ಜಾಸ್ತಿ ಆಳ ಹೋಗುತ್ತದೆ. ಆಗ ಏನು ಮಾಡುತ್ತೇವೆ? ಅದೇ ಸಡಿಲ ಮಣ್ಣನ್ನು ವಾಪಸ್ ತಳ್ಳಿ, ಮೇಲೆ ತುಳಿದು, ಮಟ್ಟ ಆಯಿತು ಅನ್ನುತ್ತೇವೆ. ಅದು ಮಟ್ಟ ಅಲ್ಲ, ಮೋಸ. ಒಂದು ಸಲ ಕಿತ್ತ ಮಣ್ಣು ಮತ್ತೆ ಹುಟ್ಟಿದ ಮಣ್ಣಾಗುವುದಿಲ್ಲ. ಜಾಸ್ತಿ ಹೋದ ಆಳವನ್ನು ಕಾಂಕ್ರೀಟಿನಲ್ಲೇ ತುಂಬಬೇಕು. ಅದಕ್ಕೇ ನಾನು ಕೊನೆಯ ಅರ್ಧ ಅಡಿಯನ್ನು ಯಂತ್ರಕ್ಕೆ ಬಿಡುವುದಿಲ್ಲ. ಗುದ್ದಲಿಯಲ್ಲಿ ತೆಗೆಸುತ್ತೇನೆ. ಪ್ಲಿಂತಿನ, ಅಂದರೆ ಪಾಯದ ಮೇಲೆ ಮನೆಯ ನೆಲದ ಮಟ್ಟದವರೆಗೆ ಕಟ್ಟುವ ಕಟ್ಟೆಯ, ಒಳಗೆ ಮಣ್ಣು ತುಂಬುವುದೂ ಹಾಗೇ. ಒಂದೇ ಸಲಕ್ಕೆ ಮೂರಡಿ ತಳ್ಳಿಸಿ ನೀರು ಬಿಟ್ಟರೆ ನೆಲದ ಟೈಲ್ಸ್ ಮುಂದೊಂದು ದಿನ ಟಕ್ ಟಕ್ ಅನ್ನುತ್ತದೆ. ಅರ್ಧ ಅರ್ಧ ಅಡಿ ತುಂಬಿ, ನೀರು ಹಾಯಿಸಿ, ದಮ್ಮಸು ಮಾಡಬೇಕು. ಇದು ಡಿಪ್ಲೊಮಾ ಹುಡುಗರ ಪುಸ್ತಕದಲ್ಲಿದೆ. ಸೈಟಿನಲ್ಲಿ ಯಾಕಿಲ್ಲ? ಗಂಟೆ ಲೆಕ್ಕ.

ಹಿಂದೆ ಮಣ್ಣಿನ ಕೆಲಸ ಭೋವಿ ಸಮುದಾಯದ ಹಿರಿಯರ ಕೈಯಲ್ಲಿತ್ತು. ಕೆರೆ ತೋಡಿದವರು, ಬಾವಿ ತೋಡಿದವರು ಅವರು. ನಾನು ಕೆಲಸಕ್ಕೆ ಸೇರಿದಾಗ ಹಾರೆ ಹಾಕಿದ ಸದ್ದಿನಲ್ಲೇ ಕೆಳಗೆ ಬಂಡೆ ಇದೆಯೋ ಇಲ್ಲವೋ ಹೇಳುವ ಅಜ್ಜಂದಿರನ್ನು ನೋಡಿದ್ದೇನೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಸಿಮೆಂಟ್ ಇಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಸಾವಿರಾರು ಜನರ ಕೈ. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಆ ಅಜ್ಜಂದಿರ ಕೈಯ ಗುಣ ಎಲ್ಲೂ ಹೋಗಿಲ್ಲ. ಅದು ಹಾರೆಯಿಂದ ಗಾಡಿಯ ಲಿವರಿಗೆ ಬಂದಿದೆ. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಇನ್ನೊಂದು ವಿಷಯ. ಇದನ್ನು ಹೇಳುವುದು ನನಗೆ ಸುಲಭ ಅಲ್ಲ. ಒಂದು ಸಂಪು ತೆಗೆಸುತ್ತಿದ್ದೆ. ಏಳಡಿ ಆಳ. ಹಿಂದಿನ ರಾತ್ರಿ ಮಳೆ ಬಂದಿತ್ತು. ಜಾಗ ಇಲ್ಲ ಅಂತ ತೆಗೆದ ಮಣ್ಣನ್ನು ಗುಂಡಿಯ ಬಾಯಲ್ಲೇ ಗುಡ್ಡೆ ಹಾಕಿಸಿದ್ದೆ. ಆಪರೇಟರ್ "ಅಣ್ಣ, ಮಣ್ಣು ದೂರ ಹಾಕೋಣ" ಅಂದರು. ನಾನು "ಸುಮ್ನೆ ಬೇಗ ಮುಗಿಸಿ, ಗಂಟೆ ಆಗುತ್ತಿದೆ" ಅಂದೆ. ಹೌದು, ನಾನೇ ಅಂದೆ. ಮೂಲೆ ಸರಿ ಮಾಡಲು ಒಳಗಿಳಿದ ಹುಡುಗನ ಮೇಲೆ ಒಂದು ಪಕ್ಕ ಜಾರಿತು. ಸೊಂಟದವರೆಗೆ ಹೂತುಹೋದ. ಆಪರೇಟರ್ ಮೊದಲು ಇಂಜಿನ್ ನಿಲ್ಲಿಸಿದರು, ಗಾಡಿಯ ಅದುರಿಗೆ ಇನ್ನಷ್ಟು ಮಣ್ಣು ಬೀಳಬಾರದು ಅಂತ. ಆಮೇಲೆ ಎಲ್ಲರೂ ಕೈಯಲ್ಲೇ ಮಣ್ಣು ತೆಗೆದೆವು. ಹುಡುಗ ಬದುಕಿದ. ಕಾಲು ಮುರಿದಿತ್ತು. ಆ ಸಂಜೆ ಅವನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಭಾರತೀಯ ಮಾನಕ ಐಎಸ್ 3764 ಅಂತ ಒಂದಿದೆ. ಅಗೆತದ ಸುರಕ್ಷತೆಗೇ ಇರುವುದು. ಒಂದೂವರೆ ಮೀಟರಿಗಿಂತ, ಅಂದರೆ ಐದಡಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆ ಆಸರೆ ಕೊಡಬೇಕು. ತೆಗೆದ ಮಣ್ಣು ಗುಂಡಿಯ ಅಂಚಿನಿಂದ ಒಂದೂವರೆ ಮೀಟರ್ ದೂರ, ಇಲ್ಲ ಆಳದ ಅರ್ಧದಷ್ಟು ದೂರ, ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ. ನಾಳೆ ನೀವು ಸೈಟಿನಲ್ಲಿ ನಿಂತಾಗ ನನ್ನಂಥ ಕಂಟ್ರಾಕ್ಟರ್ ಬೇಗ ಬೇಗ ಅಂದರೆ ಆಪರೇಟರ್ ಪರ ನಿಲ್ಲಿ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ವಿಷಯ ಇತ್ತು, ಓಡಿಸಿಬಿಡುತ್ತೇನೆ.

ಕರೆಂಟ್ ತಂತಿ. ಗಾಡಿಯ ಕೈ ಎತ್ತುವ ಮೊದಲು ಎಲ್ಲರೂ ಒಂದು ಸಲ ಮೇಲೆ ನೋಡಿ. ಅಷ್ಟೇ. ಪಕ್ಕದ ಮನೆ ಗೋಡೆ. ಅದರ ಪಾಯಕ್ಕಿಂತ ಕೆಳಗೆ ಹೋಗುವ ಹಾಗಿದ್ದರೆ ಎಂಜಿನಿಯರನ್ನು ಕೇಳದೆ ಒಂದು ಬಕೆಟ್ಟೂ ತೆಗೆಸಬೇಡಿ. ಬೆನ್ನು. ದಿನವಿಡೀ ಅದುರುವ ಸೀಟಿನಲ್ಲಿ ಕೂತು ನಡು ಹೋಗಿರುವ ಆಪರೇಟರುಗಳು ಈ ಸಭಾಂಗಣದಲ್ಲೇ ಇದ್ದಾರೆ. ಊಟದ ಹೊತ್ತಿಗೆ ಗಾಡಿಯಿಂದ ಇಳಿಸಿ, ನೆರಳಿನಲ್ಲಿ ಕೂರಿಸಿ ಊಟ ಹಾಕಿ. ಅರ್ಧ ಗಂಟೆಗೆ ಯಾರ ಮನೆಯೂ ಮುಳುಗುವುದಿಲ್ಲ. ಪೂಜೆಯ ಹಿಂದಿನ ದಿನವೇ ಆಪರೇಟರನ್ನು ಸೈಟಿಗೆ ಕರೆಸಿ ಡ್ರಾಯಿಂಗ್ ತೋರಿಸಿ. ಅಕ್ಕಪಕ್ಕದ ಹಿರಿಯರನ್ನು ಇಲ್ಲಿ ಮೊದಲು ಏನಿತ್ತು ಅಂತ ಕೇಳಿ. ಆ ಒಂದು ಗಂಟೆಯ ದುಡ್ಡನ್ನೂ ಕೊಡಿ.

ಕೊನೆಗೆ ಕಾರ್ಮಿಕ ಕಾರ್ಡಿನ ವಿಷಯ. 1996ರ ಕಾಯ್ದೆಯಿಂದ ಬಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬರೀ ಗಾರೆ ಕೆಲಸದವರಿಗೆ ಅಂತ ಬಹಳ ಆಪರೇಟರುಗಳು ತಿಳಿದಿದ್ದಾರೆ. ನಿರ್ಮಾಣದ ಕೆಲಸದಲ್ಲಿ ಯಂತ್ರ ನಡೆಸುವವರೂ ನಿರ್ಮಾಣ ಕಾರ್ಮಿಕರೇ. ಮಂಡಳಿಯ ಕಾರ್ಡ್ ಬೇಕಾದರೆ 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಸಹಿ ಯಾರು ಹಾಕುತ್ತಾರೆ ಅನ್ನುವುದೇ ನಿಮ್ಮ ಕಷ್ಟ, ನನಗೆ ಗೊತ್ತು. ನನ್ನ ಸೈಟುಗಳಲ್ಲಿ ದುಡಿದವರಿಗೆ ನಾನು ಹಾಕುತ್ತೇನೆ. ಇಲ್ಲಿರುವ ಬೇರೆ ಕಂಟ್ರಾಕ್ಟರುಗಳನ್ನೂ ಕೈ ಮುಗಿದು ಕೇಳುತ್ತೇನೆ, ನಿಮ್ಮಲ್ಲಿ ದುಡಿದವರಿಗೆ ನೀವು ಹಾಕಿ.

ಬಾಗಿಲ ಹತ್ತಿರ ಟೇಬಲ್ ಹಾಕಿದ್ದೇವೆ. ಬರೆದುಕೊಳ್ಳಲು ಇಬ್ಬರು ಹುಡುಗರು ಕೂತಿದ್ದಾರೆ. ಆಧಾರ್ ತಂದಿದ್ದರೆ ಇವತ್ತೇ ಅರ್ಜಿ ತುಂಬಿಸಿ. ತಂದಿಲ್ಲದವರು ಹೆಸರು, ಊರು, ಫೋನ್ ನಂಬರ್ ಬರೆಸಿ ಹೋಗಿ. ಗಾಡಿ ಓನರ್ ನಂಬರ್ ಬೇಡ ಅಣ್ಣ, ನಿಮ್ಮದೇ ಬರೆಸಿ.

ನಮಸ್ಕಾರ.