ಪೊಲೀಸ್ ಮ್ಯೂಸಿಯಂ ಮಾಡ್ತೀರಾ? ಮೊದಲು ಬಂದೂಕಿಗೆ ಕೈ ಹಾಕಬೇಡಿ

[ದೃಶ್ಯ: ಚಿತ್ರದುರ್ಗದ ಕೋಟೆ, ಬತೇರಿ]

ನಮಸ್ಕಾರ. ಓಬವ್ವನ ಒನಕೆ ಎಲ್ಲರಿಗೂ ಗೊತ್ತು. ಊಟಕ್ಕೆ ಅಂತ ಮನೆಗೆ ಬಂದಿದ್ದ ಅವಳ ಗಂಡನ ಕೆಲಸ ಏನಾಗಿತ್ತು? ಕೋಟೆ ಕಾವಲು. ದುರ್ಗದಲ್ಲಿ ಪೊಲೀಸ್ ಇತಿಹಾಸದ ಮ್ಯೂಸಿಯಂ ಆಗೋದಾದ್ರೆ ಮೊದಲ ಕೋಣೆ ಅವನದ್ದು, ಊರು ಕಾಯ್ತಿದ್ದ ತಳವಾರನದ್ದು, ತೋಟಿಯದ್ದು. 1861ರ ಪೊಲೀಸ್ ಕಾಯ್ದೆ, ಖಾಕಿ ಎಲ್ಲ ಎರಡನೇ ಕೋಣೆಗೆ ಬರಲಿ.

[ದೃಶ್ಯ: ಹಳೇ ಲಾಠಿ, ವೈರ್‌ಲೆಸ್ ಸೆಟ್, .303 ರೈಫಲ್]

ಲಾಠಿ, ವೈರ್‌ಲೆಸ್ ಸೆಟ್ ಇಲಾಖೆಯ ಆಸ್ತಿ. ಲಿಖಿತ ಆದೇಶ ಸಿಕ್ಕಿದರೆ ತರಬಹುದು. ಮುದ್ದೆಮಾಲು, ಅಂದ್ರೆ ಕೇಸಿನಲ್ಲಿ ವಶಪಡಿಸಿಕೊಂಡ ವಸ್ತು, ಹಾಗಲ್ಲ. ಕೇಸು ಎಷ್ಟೇ ಹಳೆಯದಿರಲಿ, ಕೋರ್ಟ್ ಆದೇಶ ಇಲ್ಲದೆ ಮುಟ್ಟಂಗಿಲ್ಲ. ಬಂದೂಕಿಗೆ 1959ರ ಆಯುಧ ಕಾಯ್ದೆ ಇದೆ. "ಖಾಲಿ ಇದೆ ಬಿಡಿ" ಅನ್ನೋ ಮಾತು ನಂಬಬೇಡಿ, ಇಲಾಖೆಯ ಆಯುಧ ರಿಪೇರಿ ಮಾಡೋ ಆರ್ಮರರ್ ಕೈಯಲ್ಲೇ ನಿಷ್ಕ್ರಿಯ ಮಾಡಿಸಿ, ಬರವಣಿಗೆಯಲ್ಲಿ ಪಡೆಯಿರಿ.

[ದೃಶ್ಯ: ಬೆಲ್ಟಿನ ಬಿಲ್ಲೆ, ಹತ್ತಿರದಿಂದ]

ಈ ಹಸಿರು ಮೇಣ ನೋಡಿ. ಚರ್ಮದ ಜಿಡ್ಡು ಹಿತ್ತಾಳೆಯ ತಾಮ್ರದ ಜೊತೆ ಸೇರಿ ಆಗಿರೋದು. ಪಾಲಿಶ್ ಹಾಕಿ ಉಜ್ಜಿದರೆ ಹೊಳಪು ಬರುತ್ತೆ, ನಂಬರ್ ಸವೆದುಹೋಗುತ್ತೆ. ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಚರ್ಮಕ್ಕೂ ಬಿಲ್ಲೆಗೂ ನಡುವೆ ತೆಳು ಪಾಲಿಯೆಸ್ಟರ್ ಹಾಳೆ ಇಡಿ. ಸಮವಸ್ತ್ರ, ಕಾಗದದ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಬಿಸಿಲಿಗೆ ಮಾಸಿದ ಖಾಕಿ ಮತ್ತೆ ಬರಲ್ಲ. ಇನ್ನು ದುರ್ಗದ ಗಾಳಿ! ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸೋ ಗಾಳಿಗೆ ನಿಮ್ಮ ಶೋಕೇಸಿನ ಸಂದು ಯಾವ ಲೆಕ್ಕ? ಬಾಗಿಲ ಸುತ್ತ ರಬ್ಬರ್ ಪಟ್ಟಿ ಹಾಕಿಸಲೇಬೇಕು.

[ದೃಶ್ಯ: ಕಟ್ಟು ಬಿಚ್ಚದ ರಿಜಿಸ್ಟರ್‌ಗಳು]

ನಮ್ಮ ಪ್ರಕಾರ ಮ್ಯೂಸಿಯಮ್ಮಿನ ಜೀವ ಇಲ್ಲಿದೆ. ತಲೆನೋವೂ ಇಲ್ಲೇ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಶಾಯಿಯನ್ನೇ ತಿನ್ನುತ್ತೆ. ಅದಕ್ಕಿಂತ ದೊಡ್ಡದು ಹೆಸರುಗಳ ಪ್ರಶ್ನೆ. ಅತ್ಯಾಚಾರ ಸಂತ್ರಸ್ತೆಯರ, ಅಪ್ರಾಪ್ತರ ಗುರುತು ತೋರಿಸೋದು ಅಪರಾಧ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರು ಅಂತ ಬರೆದಿಟ್ಟಿತು. 1952ರವರೆಗೆ ಆ ಹಣೆಪಟ್ಟಿ ಇತ್ತು. ಅದನ್ನ ಬಿಟ್ಟು ಮ್ಯೂಸಿಯಂ ಮಾಡಿದರೆ ಅದು ಬರೀ ಇಲಾಖೆಯ ಜಾಹೀರಾತು. ಕಾಯ್ದೆ ತೋರಿಸಿ, ಮನುಷ್ಯರ ಹೆಸರು ಮುಚ್ಚಿ. ವಿವರಣೆಯ ಫಲಕ ಅಚ್ಚಿಗೆ ಹೋಗೋ ಮೊದಲು ಆ ಸಮುದಾಯದ ಹಿರಿಯರಿಗೆ ಓದಿ ಹೇಳಿ.

[ದೃಶ್ಯ: ಸ್ಲೋಚ್ ಹ್ಯಾಟ್]

2025ರಲ್ಲಿ ಕಾನ್‌ಸ್ಟೇಬಲ್‌ಗಳ ತಲೆಗೆ, ಒಂದು ಪಕ್ಕ ಅಂಚು ಮಡಿಸಿದ ಸ್ಲೋಚ್ ಹ್ಯಾಟ್ ಬದಲು ಪೀಕ್ ಕ್ಯಾಪ್ ಬಂತು. ಹಾಗಾಗಿ ಹಳೇ ಹ್ಯಾಟ್ ಈಗಲೇ ಕೂಡಿಸಿಡಿ, ಆಮೇಲೆ ಸಿಗಲ್ಲ. ಒಳಪಟ್ಟಿಯ ಬೆವರಿನ ಕಲೆ ತೊಳೆಯಬೇಡಿ. ಅಂಚು ಜೋಲದ ಹಾಗೆ ಒಳಗೆ ಹತ್ತಿ ಬಟ್ಟೆ ತುಂಬಿ. ಕೊಟ್ಟವರು ಎಲ್ಲೆಲ್ಲಿ ಬಂದೋಬಸ್ತಿಗೆ ನಿಂತಿದ್ದರು ಅಂತ ಅವತ್ತೇ ಕೇಳಿ ಚೀಟಿ ಬರೆದಿಡಿ. ಪೆನ್ಸಿಲ್‌ನಲ್ಲಿ.