ಪ್ಲಾಸ್ಟರ್ ಆಸ್ಕರ್ ಕೊಟ್ಟ ರಾತ್ರಿ, 1944

ಈಗ ನಾನು ನಿಂತಿರೋದು ಲಾಸ್ ಏಂಜಲೀಸ್‌ನ ಹಾಲಿವುಡ್ ಬುಲೆವಾರ್ಡ್‌ನಲ್ಲಿ, ಹಿಂದೆ ಕಾಣ್ತಿದೆಯಲ್ಲ ಅದೇ ಚೈನೀಸ್ ಥಿಯೇಟರ್, ಸಿಮೆಂಟ್ ಮೇಲೆ ಸ್ಟಾರ್‌ಗಳ ಕೈಗುರುತು ಕಾಲ್ಗುರುತು ಇರೋ ಜಾಗ. ಬಂದವ್ರೆಲ್ಲ ಬಗ್ಗಿ ಫೋಟೋ ತೆಗೆಸ್ಕೊಂಡು ಪಕ್ಕದ ಡಾಲ್ಬಿ ಥಿಯೇಟರ್ ಕಡೆ ಹೋಗ್ತಾರೆ, ಈಗ ಆಸ್ಕರ್ ನಡೆಯೋದು ಅಲ್ಲಿ ತಾನೆ. ಆದ್ರೆ ನಾನು ಬಂದಿರೋದು 1944ರ ಮಾರ್ಚ್ 2ರ ರಾತ್ರಿ ಹುಡುಕ್ಕೊಂಡು. ಅವತ್ತು ಆಸ್ಕರ್ ಕೊಟ್ಟಿದ್ದು ಇದೇ ಬಾಗಿಲ ಒಳಗೆ, ಕೊಟ್ಟಿದ್ದು ಪ್ಲಾಸ್ಟರ್ ಗೊಂಬೆ, ಮೇಲೆ ಚಿನ್ನದ ಬಣ್ಣ ಅಷ್ಟೇ. ಲೋಹ ಎಲ್ಲ ಎರಡನೇ ಮಹಾಯುದ್ಧಕ್ಕೆ ಹೋಗ್ತಿತ್ತು, ಹಾಗಾಗಿ ಮೂರು ವರ್ಷ ಹೀಗೇ ನಡೀತು, ಯುದ್ಧ ಮುಗಿದ್ಮೇಲೆ ಅವನ್ನ ವಾಪಸ್ ತಗೊಂಡು ಲೋಹದ್ದು ಕೊಟ್ರು.

ಅದಕ್ಕೂ ಮುಂಚೆ ಆಸ್ಕರ್ ಅಂದ್ರೆ ದೊಡ್ಡ ಹೋಟೆಲ್‌ನಲ್ಲಿ ಊಟ, ಒಳಗಿನವ್ರಿಗೆ ಮಾತ್ರ. ನಟಿ ಬೆಟ್ಟಿ ಡೇವಿಸ್ 1941ರಲ್ಲಿ, ಆಸ್ಕರ್ ಕೊಡೋ ಸಂಸ್ಥೆ ಅಕಾಡೆಮಿಗೆ ಮೊದಲ ಮಹಿಳಾ ಅಧ್ಯಕ್ಷೆ ಆದ್ರು, ಆಗ ಅವ್ರು ಹೇಳಿದ್ದೇನು ಗೊತ್ತಾ, ಊಟ ಬಿಡಿ, ಥಿಯೇಟರ್‌ನಲ್ಲಿ ಮಾಡಿ, ಟಿಕೆಟ್ ಮಾರಿ ಬಂದ ದುಡ್ಡು ಯುದ್ಧ ಪರಿಹಾರಕ್ಕೆ ಕೊಡೋಣ ಅಂತ. ಯಾರೂ ಒಪ್ಪಲಿಲ್ಲ, ಅವ್ರು ರಾಜೀನಾಮೆ ಕೊಟ್ಟು ಹೊರಟೇಬಿಟ್ರು. ಅದೇ ವರ್ಷ ಡಿಸೆಂಬರ್‌ನಲ್ಲೇ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಆಯ್ತು, ಜನವರಿಯಲ್ಲಿ ವಾರ್ ಬಾಂಡ್, ಅಂದ್ರೆ ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಸಾಲ ಎತ್ತೋ ಬಾಂಡ್, ಮಾರೋಕೆ ಹೋಗಿದ್ದ ನಟಿ ಕ್ಯಾರೊಲ್ ಲೊಂಬಾರ್ಡ್ ವಾಪಸ್ ಬರ್ತಾ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. ಆದ್ರೂ 1942ರಲ್ಲಿ ಹೋಟೆಲ್ ಊಟಾನೇ, ಭಾರಿ ಡ್ರೆಸ್ ಬೇಡ ಅಂದ್ರು ಅಷ್ಟೇ. 1943ರಲ್ಲೂ ಹೋಟೆಲ್ಲೇ, ಆದ್ರೆ ಅವತ್ತು ಸೈನ್ಯ ಸೇರಿದ್ದ ನಟರು ಟೈರೋನ್ ಪವರ್, ಆಲನ್ ಲ್ಯಾಡ್ ಇಬ್ರೂ ಒಂದು ಬಾವುಟ ಬಿಚ್ಚಿ ತೋರಿಸಿದ್ರು, ಸಿನಿಮಾ ಕೆಲಸ ಬಿಟ್ಟು ಯುದ್ಧಕ್ಕೆ ಹೋದ 27,677 ಜನರ ಹೆಸರಲ್ಲಿ. ಲೈಟ್ ಬಾಯ್, ಬಡಗಿ, ಕ್ಯಾಮೆರಾದವ್ರು ಎಲ್ಲ ಸೇರಿ ಅಷ್ಟು ಜನ, ನಂಗೆ ಆ ಸಂಖ್ಯೆ ಓದಿ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ.

1944ಕ್ಕೆ ಕೊನೆಗೂ ಊಟ ಹೋಯ್ತು, ಥಿಯೇಟರ್ ಬಂತು. ಯೂನಿಫಾರ್ಮ್‌ನಲ್ಲಿದ್ದವ್ರಿಗೆ ಫ್ರೀ ಪಾಸ್ ಕೊಟ್ರು, ಬೇರೆ ದೇಶಗಳಲ್ಲಿದ್ದ ಸೈನಿಕರಿಗೆ ರೇಡಿಯೋದಲ್ಲಿ ಕಾರ್ಯಕ್ರಮಾನ ಹಾಸ್ಯನಟ ಜ್ಯಾಕ್ ಬೆನ್ನಿ ನಡೆಸಿಕೊಟ್ರು. ಬೆಟ್ಟಿ ಡೇವಿಸ್ ಹೇಳಿದ್ರಲ್ಲಿ ಅರ್ಧ ಆದ್ರೂ ನಡೀತಲ್ಲ ಅನ್ನೋದೇ ನಂಗೆ ಖುಷಿ.

ಅವತ್ತು ಬೆಸ್ಟ್ ಪಿಕ್ಚರ್ ಕಾಸಾಬ್ಲಾಂಕಾ. ಅದ್ರಲ್ಲಿ ಕೆಫೆಯಲ್ಲಿ ಜರ್ಮನ್ ಆಫೀಸರ್‌ಗಳ ಹಾಡನ್ನ ಮುಳುಗಿಸೋ ಹಾಗೆ ಎಲ್ರೂ ಎದ್ದು ಫ್ರೆಂಚ್ ರಾಷ್ಟ್ರಗೀತೆ ಹಾಡ್ತಾರಲ್ಲ, ಅಲ್ಲಿ ಕಣ್ಣೀರು ಹಾಕ್ಕೊಂಡು ಹಾಡೋ ಹುಡುಗಿ ಮ್ಯಾಡೆಲೀನ್ ಲೆಬೋ, 1940ರಲ್ಲಿ ನಾಜಿಗಳು ಬರೋ ಹೊತ್ತಿಗೆ ಪ್ಯಾರಿಸ್ ಬಿಟ್ಟು ನಿಜವಾಗ್ಲೂ ಓಡಿ ಬಂದವ್ರು. ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ಫೈಟ್ ಕೂಡ ಜರ್ಮನಿಯವ್ರೇ, ಹೆಂಡತಿ ಯಹೂದಿ, ಹಿಟ್ಲರ್ ಬಂದ ವರ್ಷವೇ ಊರು ಬಿಟ್ರು, ಯಾರ ಕೈಯಿಂದ ತಪ್ಪಿಸ್ಕೊಂಡ್ರೋ ಅವ್ರದ್ದೇ ಯೂನಿಫಾರ್ಮ್ ಹಾಕ್ಕೊಂಡು ಆ್ಯಕ್ಟ್ ಮಾಡಿದ್ರು. ಸಿನಿಮಾಗೆ ಪ್ರಶಸ್ತಿ ಬರೋ ಹೊತ್ತಿಗೆ ಅವ್ರು ಬದುಕಿರ್ಲಿಲ್ಲ, 1943ರ ಏಪ್ರಿಲ್‌ನಲ್ಲೇ ಹೋಗಿಬಿಟ್ಟಿದ್ರು.

ಇಷ್ಟು ನೋವು ಹೊತ್ತ ಸಿನಿಮಾಗೆ ಪ್ರಶಸ್ತಿ ಕೂಗಿದಾಗ ನಿರ್ಮಾಪಕ ಹಾಲ್ ವಾಲಿಸ್ ಎದ್ರೆ, ಸ್ಟುಡಿಯೋ ಧಣಿ ಜ್ಯಾಕ್ ವಾರ್ನರ್ ಮೊದಲೇ ಸ್ಟೇಜ್ ಹತ್ತಿ ಇಸ್ಕೊಂಡುಬಿಟ್ರು. ನಂಗೆ ಇವತ್ತಿಗೂ ಅದು ತಪ್ಪು ಅಂತಾನೇ ಅನ್ಸುತ್ತೆ. ವಾಲಿಸ್ ಆಮೇಲೆ ಆ ಸ್ಟುಡಿಯೋನೇ ಬಿಟ್ರು.

ಅವತ್ತು ಪಾಸ್ ಹಿಡ್ಕೊಂಡು ಈ ಮೆಟ್ಟಿಲು ಹತ್ತಿದ ಸೈನಿಕರ ಗುರುತು ಈ ಸಿಮೆಂಟ್ ಮೇಲೆ ಎಲ್ಲೂ ಇಲ್ಲ. ಮೂರು ತಿಂಗಳಿಗೆ ಆ ಕಡೆ ಫ್ರಾನ್ಸ್‌ನ ನಾರ್ಮಂಡಿ, ಈ ಕಡೆ ಪೆಸಿಫಿಕ್‌ನ ಸೈಪಾನ್ ದ್ವೀಪ, ಎರಡೂ ಕಡೆ ಘೋರ ಕಾಳಗ. ಬನ್ನಿ, ಟಿಕೆಟ್ ತಗೊಂಡಿದೀನಿ, ಅವ್ರು ಕೂತಿದ್ದ ಹಾಲ್ ಒಳಗೆ ಹೋಗೋಣ.